ಬಿಸಿಯಾಗದ ಯಂತ್ರ, ಬಚ್ಚಿಟ್ಟ ನಕ್ಷೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಎಸ್ಪ್ರೆಸೊ ಯಂತ್ರ ಮುಷ್ಕರ ಹೂಡಿತು. ದೀಪ ಹೊತ್ತಿತು, ಪಂಪು ಎಂದಿನಂತೆ ಗುರುಗುಟ್ಟಿತು, ನೀರೂ ಬಂತು. ಆದರೆ ಬಂದದ್ದು ನಲ್ಲಿಯ ನೀರಿನಷ್ಟೇ ತಣ್ಣಗಿನ ನೀರು. ಮೂರು ವರ್ಷಗಳ ಹಿಂದೆ ಮಗಳು ಉಡುಗೊರೆಯಾಗಿ ಕೊಟ್ಟ ಯಂತ್ರವದು. ಮನೆಯ ಹಿತ್ತಾಳೆ ಫಿಲ್ಟರ್ ಅಟ್ಟ ಸೇರಿದ್ದು ಅದರಿಂದಾಗಿಯೇ. ಆ ಫಿಲ್ಟರನ್ನು ಮತ್ತೆ ಕೆಳಗಿಳಿಸುವಾಗ ನನ್ನ ಪತ್ನಿಯ ಮುಖದಲ್ಲಿ ಮೂಡಿದ ಮಂದಹಾಸವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಇಟಲಿಯ ಮಿಲಾನ್ ನಗರದ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಯಂತ್ರದಿಂದ ಇಂದಿನ ಮನೆಬಳಕೆಯ ಯಂತ್ರದವರೆಗೆ ಎಸ್ಪ್ರೆಸೊದ ತತ್ವ ಸರಳವಾದುದೇ: ಬಿಸಿನೀರನ್ನು ಒತ್ತಡದಿಂದ ಕಾಫಿಪುಡಿಯ ಮೂಲಕ ಹಾಯಿಸುವುದು. ಈಗಿನ ರೂಢಿಯಂತೆ ನೀರು 90ರಿಂದ 95 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯ್ದಿರಬೇಕು, ಒತ್ತಡ 9 ಬಾರ್‌ನಷ್ಟಿರಬೇಕು, ಅರ್ಧ ನಿಮಿಷದೊಳಗೆ ಕಾಫಿ ಇಳಿಯಬೇಕು. ಒತ್ತಡವಿದ್ದು ಶಾಖವಿಲ್ಲದಿದ್ದರೆ ಬಟ್ಟಲಿಗೆ ಬೀಳುವುದು ಹುಳಿ ಹುಳಿಯಾದ ಕಂದು ನೀರು ಮಾತ್ರ.

ವಾರಂಟಿ ಅವಧಿ ಮುಗಿದಿತ್ತು. ಸೇವಾ ಕೇಂದ್ರಕ್ಕೆ ಯಂತ್ರವನ್ನು ಹೊತ್ತೊಯ್ದೆ. ಅಲ್ಲಿಯ ಯುವಕ ಮುಚ್ಚಳವನ್ನೂ ತೆರೆಯದೆ ತೀರ್ಪಿತ್ತ. ಬಾಯ್ಲರ್ ಭಾಗವನ್ನು ಇಡಿಯಾಗಿ ಬದಲಿಸಬೇಕು, ಅದು ವಿದೇಶದಿಂದ ಬರಬೇಕು, ಆರು ವಾರ ಹಿಡಿಯುತ್ತದೆ, ಖರ್ಚು ಹೊಸ ಯಂತ್ರದ ಬೆಲೆಯ ಮುಕ್ಕಾಲು ಪಾಲು. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವುದೇ ಲೇಸೆಂಬ ಸಲಹೆಯೂ ಜೊತೆಗಿತ್ತು. ಸರ್ಕ್ಯೂಟ್ ನಕ್ಷೆಯನ್ನಾದರೂ ಕೊಡಿ ಎಂದೆ. ಸುರಕ್ಷತೆಯ ದೃಷ್ಟಿಯಿಂದ ಗ್ರಾಹಕರಿಗೆ ಅದನ್ನು ಕೊಡುವಂತಿಲ್ಲ ಎಂಬ ಉತ್ತರ ಬಂತು.

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದವನು ನಾನು. ಓಮ್‌ನ ನಿಯಮವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮನೆಯ ಕೆಲಸಕ್ಕೆ ಅದನ್ನು ಬಳಸಿದ್ದು ಮಾತ್ರ ಇದೇ ಮೊದಲು. ಪ್ಲಗ್ ಕಿತ್ತು, ಯಂತ್ರ ತಣ್ಣಗಾಗಿದೆಯೆಂದು ಖಚಿತಪಡಿಸಿಕೊಂಡು ಮುಚ್ಚಳ ತೆರೆದೆ. ಒಳಗೆ ಶಾಖಕ್ಕೆ ಸಂಬಂಧಿಸಿದ ಭಾಗಗಳು ಮುಖ್ಯವಾಗಿ ಮೂರು: ನೀರನ್ನು ಕಾಯಿಸುವ ಸುರುಳಿ, ನಿಗದಿತ ಉಷ್ಣತೆ ತಲುಪಿದೊಡನೆ ವಿದ್ಯುತ್ತನ್ನು ತಡೆಯುವ ಥರ್ಮೋಸ್ಟಾಟ್, ಅದೂ ಕೈಕೊಟ್ಟರೆ ತಾನೇ ಕಡಿದುಕೊಂಡು ಅನಾಹುತ ತಪ್ಪಿಸುವ ಥರ್ಮಲ್ ಫ್ಯೂಸ್. ಮೂರೂ ಒಂದೇ ಸರಪಳಿಯ ಕೊಂಡಿಗಳಂತೆ ಸಾಲಾಗಿ ಜೋಡಣೆಯಾಗಿವೆ. ಒಂದು ಕಡಿದರೂ ಶಾಖವಿಲ್ಲ.

ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಪರೀಕ್ಷಿಸಿದೆ. 230 ವೋಲ್ಟ್‌ನಲ್ಲಿ 1,200 ವ್ಯಾಟ್ ಬಳಸುವ ಸುರುಳಿಯ ರೋಧ ಸುಮಾರು 44 ಓಮ್ ಇರಬೇಕು. ಮೀಟರ್ 45 ತೋರಿಸಿತು. ಸುರುಳಿಗೂ ಲೋಹದ ಹೊರಮೈಗೂ ನಡುವೆ ಸೋರಿಕೆಯೂ ಕಾಣಲಿಲ್ಲ. ಅಂದರೆ, ಬದಲಿಸಲೇಬೇಕೆಂದು ಸೇವಾ ಕೇಂದ್ರ ಹೇಳಿದ್ದ ಬಾಯ್ಲರ್ ಆರೋಗ್ಯವಾಗಿಯೇ ಇತ್ತು. ಕಡಿದಿದ್ದದ್ದು ಬೆಂಕಿಕಡ್ಡಿಯ ಅರ್ಧದಷ್ಟೂ ಉದ್ದವಿಲ್ಲದ ಫ್ಯೂಸ್.

ಅದನ್ನು ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಬಿಡಿಭಾಗಗಳ ಆ ಸಾಗರದಲ್ಲಿ ರಿಪೇರಿ ಅಂಗಡಿಯವರೊಬ್ಬರು ಫ್ಯೂಸನ್ನು ನೋಡಿ ನಕ್ಕರು. ‘ಇದು ಬೇಡವೇ ಬೇಡ ಸಾರ್, ವೈರ್ ಡೈರೆಕ್ಟ್ ಮಾಡಿಕೊಡ್ತೀನಿ, ಐದು ನಿಮಿಷದ ಕೆಲಸ’ ಎಂದರು. ಅವರ ಮಾತಿನಲ್ಲಿ ವಂಚನೆಯಿರಲಿಲ್ಲ, ಸಹಾಯ ಮಾಡುವ ಉತ್ಸಾಹವೇ ಇತ್ತು. ಆದರೆ ಆ ಐದು ನಿಮಿಷದ ಕೆಲಸದಿಂದ ನನ್ನ ಅಡುಗೆಮನೆಗೆ ಬೆಂಕಿ ಬೀಳಬಹುದಿತ್ತು.

ಏಕೆಂದರೆ ಫ್ಯೂಸ್ ಸುಮ್ಮನೆ ಕಡಿಯುವುದಿಲ್ಲ. ಮನೆಗೆ ಮರಳಿ ಥರ್ಮೋಸ್ಟಾಟನ್ನು ಎಣ್ಣೆಯ ಬಟ್ಟಲಿನಲ್ಲಿರಿಸಿ, ಪಕ್ಕದಲ್ಲಿ ಉಷ್ಣಮಾಪಕವಿಟ್ಟು ನಿಧಾನವಾಗಿ ಕಾಯಿಸಿದೆ. ಅದರ ಮೈಮೇಲೆ ನಮೂದಾಗಿದ್ದಂತೆ 107 ಡಿಗ್ರಿಯಲ್ಲಿ ಕಡಿಯಬೇಕಿದ್ದ ಸಂಪರ್ಕ 130 ದಾಟಿದರೂ ಕಡಿಯಲಿಲ್ಲ. ಒಳಗಿನ ಲೋಹದ ತುದಿಗಳು ಅಂಟಿಕೊಂಡುಬಿಟ್ಟಿದ್ದವು. ನಿಜವಾದ ರೋಗಿ ಥರ್ಮೋಸ್ಟಾಟ್. ಫ್ಯೂಸ್ ತನ್ನ ಪ್ರಾಣ ಕೊಟ್ಟು ಮನೆಯನ್ನು ಕಾಪಾಡಿತ್ತು. ಫ್ಯೂಸನ್ನಷ್ಟೇ ಬದಲಿಸಿದ್ದರೆ ಮತ್ತೆ ಕಡಿಯುತ್ತಿತ್ತು. ತಂತಿಯನ್ನು ನೇರವಾಗಿ ಜೋಡಿಸಿದ್ದರೆ ಶಾಖವನ್ನು ತಡೆಯುವವರೇ ಇರುತ್ತಿರಲಿಲ್ಲ. ಅದೇ ಅಳತೆಯ, ಅದೇ ಉಷ್ಣತೆಯ ಎರಡೂ ಭಾಗಗಳನ್ನು ಹುಡುಕಿ ತಂದು ಜೋಡಿಸಿದೆ. ಒಟ್ಟು ಖರ್ಚು ಆರು ನೂರು ರೂಪಾಯಿಯೊಳಗೆ.

ಇದನ್ನು ನನ್ನ ಜಾಣ್ಮೆಯ ಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ಸುರಕ್ಷತೆಯ ಹೆಸರಿನಲ್ಲಿ ನಕ್ಷೆಯನ್ನು ಬಚ್ಚಿಡುವ ವಾದ ಎಷ್ಟು ಟೊಳ್ಳೆಂಬುದನ್ನು ಈ ಪ್ರಸಂಗ ನನಗೆ ತೋರಿಸಿತು. ನಕ್ಷೆ ಕೊಡದಿದ್ದ ಮಾತ್ರಕ್ಕೆ ಜನ ರಿಪೇರಿ ಮಾಡಿಸುವುದನ್ನು ಬಿಡುವುದಿಲ್ಲ. ಹೊಸ ಯಂತ್ರ ಕೊಳ್ಳಲಾಗದವರು ಬೀದಿಯ ಮೂಲೆಯ ಅಂಗಡಿಗೆ ಹೋಗಿಯೇ ಹೋಗುತ್ತಾರೆ. ಯಾವ ಭಾಗ ಏನನ್ನು ಕಾಯುತ್ತದೆ ಎಂದು ಆ ಅಂಗಡಿಯವನಿಗೆ ಹೇಳಿಕೊಟ್ಟವರಾರು? ನಾವು ಮೆಚ್ಚಿ ಮಾತಾಡುವ ‘ಜುಗಾಡ್’ ಎಷ್ಟೋ ಸಲ ಪ್ರತಿಭೆಯ ಫಲವಲ್ಲ, ಮಾಹಿತಿ ನಿರಾಕರಣೆಯ ಫಲ. ಅದರ ಅಪಾಯವನ್ನು ಹೊರುವವರೂ ಬಡವರೇ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು 2022ರ ಜುಲೈನಲ್ಲಿ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನ, ಗೃಹೋಪಯೋಗಿ ವಸ್ತು ಹಾಗೂ ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲೊಂದನ್ನು ತೆರೆಯಿತು. ಸ್ವಾಗತಾರ್ಹ ಹೆಜ್ಜೆಯೇ. ಆದರೆ ಪೋರ್ಟಲ್ ಎಂಬುದು ಕಾಯ್ದೆಯಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ಅದು ಯಂತ್ರ ಸತ್ತ ಮೇಲಿನ ಸಂಸ್ಕಾರ. ಬದುಕಿಸುವ ಹೊಣೆ ಯಾರದು? ಫ್ರಾನ್ಸ್ 2021ರಿಂದ ಕೆಲವು ಸಾಧನಗಳಿಗೆ ದುರಸ್ತಿಯ ಸುಲಭತೆಯನ್ನು ಆಧರಿಸಿ ಹತ್ತಕ್ಕೆ ಇಂತಿಷ್ಟು ಅಂಕವೆಂದು ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನ ಹೊರಡಿಸಿತು. ವಾಷಿಂಗ್ ಮಷೀನು, ಫ್ರಿಜ್ಜು, ಫೋನುಗಳಿರುವ ಅದರ ಪಟ್ಟಿಯಲ್ಲಿ ಕಾಫಿಯಂತ್ರಕ್ಕೆ ಸ್ಥಾನ ಸಿಗಲಿಲ್ಲ ಎಂಬುದು ಬೇರೆ ಮಾತು.

ನಮಗೆ ಬೇಕಿರುವುದು ದುಬಾರಿಯದೇನಲ್ಲ. ಮಾರಿದ ಪ್ರತಿ ಯಂತ್ರದ ಸರ್ಕ್ಯೂಟ್ ನಕ್ಷೆ ಬಹಿರಂಗವಾಗಿರಲಿ. ಫ್ಯೂಸ್, ಥರ್ಮೋಸ್ಟಾಟ್‌ನಂಥ ಬಿಡಿಭಾಗಗಳು ಘೋಷಿತ ಬೆಲೆಗೆ ಬಿಡಿಯಾಗಿಯೇ, ಕನಿಷ್ಠ ಏಳೆಂಟು ವರ್ಷ ಸಿಗಲಿ. ವಿದ್ಯುತ್ತಿನೊಡನೆ ಆಟವಾಡುವುದು ಎಲ್ಲರ ಕೆಲಸವಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕೆಂದೇ ಐಟಿಐಗಳಲ್ಲಿ ಕಲಿತ ಹುಡುಗರಿದ್ದಾರೆ. ಅವರ ಕೈಗೆ ನಕ್ಷೆ ತಲುಪಲಿ.

ವಾಲ್ವ್ ರೇಡಿಯೋಗಳ ಕಾಲದಲ್ಲಿ ಎಷ್ಟೋ ಪೆಟ್ಟಿಗೆಗಳ ಹಿಂಬದಿಯ ಒಳಮೈಗೆ ಸರ್ಕ್ಯೂಟ್ ನಕ್ಷೆಯನ್ನು ಅಂಟಿಸಿಯೇ ಮಾರುತ್ತಿದ್ದರು. ಈಗ ನಮ್ಮ ಯಂತ್ರ ಮತ್ತೆ ಬಿಸಿಯಾಗುತ್ತಿದೆ. ಅದರ ತಳಕ್ಕೆ ನಾನೇ ಬರೆದ ನಕ್ಷೆಯೊಂದನ್ನು ಅಂಟಿಸಿದ್ದೇನೆ. ಮುಂದೆ ಅದನ್ನು ಬಿಚ್ಚುವವರು ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಹಿತ್ತಾಳೆ ಫಿಲ್ಟರನ್ನು ಮಾತ್ರ ಅಟ್ಟಕ್ಕೆ ಮರಳಿಸಲು ಮನೆಯಲ್ಲಿ ಇನ್ನೂ ಅನುಮತಿ ದೊರೆತಿಲ್ಲ.