ಆರೋಗ್ಯ ವಿಚಾರ: ಮಿಥುನ ರಾಶಿಯವರಿಗೆ ಆಸ್ಪಿರಿನ್ ಆಗದೆ?

"ಪ್ರಯೋಗದಿಂದ ಸಿದ್ಧವಾಗಿದೆ" ಎಂಬ ಮಾತು ಔಷಧಗಳ ಸುದ್ದಿಯಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ಅದರ ಅರ್ಥವೇನೆಂದು ಕೇಳುವವರು ಕಡಮೆ.

ಸಂಖ್ಯಾಶಾಸ್ತ್ರದ ರೂಢಿ ಇದು: ಔಷಧದಲ್ಲಿ ಗುಣವೇ ಇಲ್ಲವೆಂದು ಇಟ್ಟುಕೊಳ್ಳೋಣ. ಆಗಲೂ ಕಂಡಷ್ಟು ಅಂತರ ಬರಿಯ ಆಕಸ್ಮಿಕದಿಂದ ನೂರಕ್ಕೆ 5 ಸಲಕ್ಕಿಂತ ಕಡಮೆ ಬರುವಂತಿದ್ದರೆ, ಫಲ 'ಗಣನೀಯ'. ಹಾಗಾದರೆ ಗುಣವಿಲ್ಲದ ಮಾತ್ರೆಯನ್ನು 20 ಗುಂಪುಗಳಲ್ಲಿ ಪರೀಕ್ಷಿಸಿದಾಗ, ಒಂದರಲ್ಲಿ ಗುಣವೋ ದೋಷವೋ ಇದ್ದಂತೆ ಕಂಡರೆ ಆಶ್ಚರ್ಯವಿಲ್ಲ!

1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ 'ಐಸಿಸ್-2' ಎಂಬ ಪ್ರಯೋಗದ ವರದಿಯನ್ನು ಪ್ರಕಟಿಸಿತು. ಹೃದಯಾಘಾತವಾಗಿದೆಯೆಂದು ಶಂಕಿಸಿದ 17,187 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ. 5 ವಾರಗಳಲ್ಲಿ ಹೃದಯ, ರಕ್ತನಾಳಗಳ ಕಾರಣದಿಂದ ತೀರಿಕೊಂಡವರು ಆಸ್ಪಿರಿನ್ ಪಡೆದವರಲ್ಲಿ ನೂರಕ್ಕೆ 9.4, ಉಳಿದವರಲ್ಲಿ 11.8. ಸಾವಿರ ಜನರಲ್ಲಿ ಸುಮಾರು 24 ಜೀವ ಉಳಿದಂತಾಯಿತು.

ರೋಗಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ನೋಡುವುದರ ಅಪಾಯವನ್ನು ತೋರಿಸಲು ಸಂಶೋಧಕರು ಪಾಶ್ಚಾತ್ಯ ಜನ್ಮರಾಶಿಯಂತೆಯೂ ಲೆಕ್ಕ ಹಾಕಿದರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ತುಸು ಹಾನಿಯೆಂದು ಬಂತು! ಇದನ್ನು ನಂಬಿ ಮಾತ್ರೆ ಕೊಡದಿದ್ದರೆ ಎಷ್ಟು ಜೀವ ಹೋಗುತ್ತಿತ್ತು? ರಾಶಿಯೆಂದರೆ ನಗುತ್ತೇವೆ. 'ಐವತ್ತು ದಾಟಿದ ಹೆಂಗಸರಿಗೆ' ಎಂದಿದ್ದರೆ ನಂಬಿಬಿಡುತ್ತೇವೆ.

ಆದ್ದರಿಂದ ಸುದ್ದಿ ಓದಿ ಊರಿನಲ್ಲಿರುವ ಹಿರಿಯರಿಗೆ ಸಲಹೆ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿರಿ. ನೂರು ಜನರಲ್ಲಿ ಎಷ್ಟು ಮಂದಿಗೆ ಉಪಕಾರವಾಯಿತು? ಎಷ್ಟು ಗುಂಪುಗಳನ್ನು ಜಾಲಾಡಿದ ಮೇಲೆ ಈ ಫಲ ಸಿಕ್ಕಿತು? ಉತ್ತರ ಏನೇ ಇರಲಿ, ವೈದ್ಯರನ್ನು ಕೇಳದೆ ಮಾತ್ರೆಯನ್ನು ಆರಂಭಿಸಲೂ ಬೇಡಿ, ಬಿಡಿಸಲೂ ಬೇಡಿ.