ಹವಾಯಿಯ ಸಂನ್ಯಾಸಿ ಸೀಲ್

ಸೀಲ್ ಎಂದೊಡನೆ ಹಿಮಗಡ್ಡೆಯ ಮೇಲೆ ಒರಗಿದ ಪ್ರಾಣಿಯೊಂದು ಕಣ್ಣೆದುರು ನಿಲ್ಲುವುದು ಸಹಜ. ಆದರೆ ಬೆಚ್ಚನೆಯ ಉಷ್ಣವಲಯದ ಕಡಲಲ್ಲಿ ಬಾಳುವ ಸೀಲೂ ಒಂದುಂಟು. ಶಾಂತಸಾಗರದ ಹವಾಯಿ ದ್ವೀಪಗಳೇ ಅದರ ತವರು. ಕೊರಳ ಸುತ್ತಣ ಚರ್ಮದ ಮಡಿಕೆ ಕ್ರೈಸ್ತ ಸಂನ್ಯಾಸಿಗಳ ಮುಸುಕನ್ನು ಹೋಲುವುದರಿಂದಲೂ, ಹಿಂಡುಗೂಡದೆ ಒಂಟಿಯಾಗಿರುವ ಸ್ವಭಾವದಿಂದಲೂ ಅದಕ್ಕೆ ‘ಮಾಂಕ್ ಸೀಲ್’, ಎಂದರೆ ಸಂನ್ಯಾಸಿ ಸೀಲ್, ಎಂಬ ಹೆಸರು ಬಂದಿತು. ದ್ವೀಪದ ಮೂಲನಿವಾಸಿಗಳ ನುಡಿಯಲ್ಲಿ ಅದು ‘ಒರಟು ನೀರಿನಲ್ಲಿ ಓಡುವ ನಾಯಿ’. ಎರಡರಲ್ಲಿ ಈ ಹೆಸರೇ ಹೆಚ್ಚು ಸೊಗಸಾದುದು.

ತಾಯಿ ಸೀಲು ಮರಳದಂಡೆಗೆ ಬಂದು ಕಪ್ಪು ಮೈಯ ಒಂದು ಮರಿಯನ್ನು ಈಯುತ್ತದೆ. ಸುಮಾರು ಆರು ವಾರ ತಾನು ಏನನ್ನೂ ತಿನ್ನದೆ ಹಾಲೂಡಿಸುತ್ತದೆ. ಮರಿ ಉಬ್ಬಿದಂತೆಲ್ಲ ತಾಯಿ ಬಡಕಲಾಗುತ್ತದೆ. ಬಳಿಕ ಒಂದು ದಿನ ಅದನ್ನು ಬಿಟ್ಟು ಕಡಲಿಗಿಳಿಯುತ್ತದೆ. ಕಡಲತಳದ ಮೀನು, ಅಷ್ಟಪದಿಗಳನ್ನು ಹಿಡಿಯುವ ವಿದ್ಯೆಯನ್ನು ಮರಿಗೆ ಕಲಿಸುವವರಾರೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಬೇಟೆಗಾರರು ಎಣ್ಣೆಗಾಗಿ, ಚರ್ಮಕ್ಕಾಗಿ ಈ ಸೀಲನ್ನು ಕೊಂದರು. 1976ರಲ್ಲಿ ಅಮೆರಿಕದ ಕಾನೂನು ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಇಂದು ಉಳಿದಿರುವುದು ಸುಮಾರು 1,600. ಅದರ ದಾಯಾದಿಯಾದ ಕೆರಿಬಿಯನ್ ಸೀಲ್ 1952ರ ಬಳಿಕ ಖಚಿತವಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. 2008ರಲ್ಲಿ ಅದು ನಿರ್ವಂಶವಾಯಿತೆಂದು ಸಾರಲಾಯಿತು. ಮರಿಗಳು ಹುಟ್ಟುತ್ತಿದ್ದ ಈಸ್ಟ್ ಐಲೆಂಡ್ ಎಂಬ ಮರಳುದಿಬ್ಬದ ಬಹುಭಾಗ 2018ರ ಚಂಡಮಾರುತದಲ್ಲಿ ಕೊಚ್ಚಿಹೋಯಿತು.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ಬೆಕ್ಕಿನ ಸಂಗತಿ. ಹವಾಯಿಯಲ್ಲಿ ಮೊದಲು ಬೆಕ್ಕೇ ಇರಲಿಲ್ಲ. ಯುರೋಪಿಯನ್ನರ ಹಡಗುಗಳಲ್ಲಿ ಅದು ಬಂದಿತು. ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಸೂಕ್ಷ್ಮಜೀವಿ ತನ್ನ ಮೊಟ್ಟೆಗಳನ್ನು ಹೋಲುವ ಕೋಶಗಳನ್ನು ಪಡೆಯುವುದು ಬೆಕ್ಕಿನ ಕುಲದ ಕರುಳಿನಲ್ಲಿ ಮಾತ್ರ. ಮಲದೊಡನೆ ನೆಲಕ್ಕೆ ಬಿದ್ದ ಈ ಕೋಶಗಳು ಮಳೆನೀರಿನೊಡನೆ ಹರಿದು ಕಡಲನ್ನು ಸೇರುತ್ತವೆ. ಹತ್ತಕ್ಕೂ ಹೆಚ್ಚು ಸೀಲುಗಳು ಈ ರೋಗದಿಂದ ಸತ್ತಿವೆ. ಸತ್ತುದು ಹೆಣ್ಣಾದರೆ ಅದು ಮುಂದೆ ಹೆರಬಹುದಾಗಿದ್ದ ಮರಿಗಳೂ ಅದರೊಡನೆಯೇ ಹೋದವು.

ಬೀದಿಬೆಕ್ಕುಗಳಿಗೆ ದಿನವೂ ಅನ್ನವಿಡುವವರು ಅಲ್ಲಿ ಅನೇಕರಿದ್ದಾರೆ. ಅವರನ್ನು ಕ್ರೂರಿಗಳೆಂದು ಯಾರೂ ಜರೆಯಲಾಗದು. ಹಸಿದ ಪ್ರಾಣಿಗೆ ತುತ್ತಿಡುವುದು ಎಲ್ಲ ನಾಡಿನಲ್ಲಿಯೂ ಪುಣ್ಯವೇ. ಆದರೆ ಕಾಲ ಬಳಿ ಸುಳಿಯುವ ಬೆಕ್ಕಿಗೆ ಒದಗುವ ಕನಿಕರ, ಎರಡು ಮೈಲಿಯಾಚೆ ನೀರಿನಲ್ಲಿ ಸಾಯುವ ಸೀಲಿಗೆ ಒದಗದು. ಕಾಣದ ಜೀವವನ್ನು ಲೆಕ್ಕಕ್ಕೆ ತಾರದ ದಯೆ ಅರೆದಯೆಯೆಂದೇ ಹೇಳಬೇಕಾಗಿದೆ. ಬೀಸಾಡಿದ ಬಲೆಯಲ್ಲಿ ಸಿಲುಕಿದ ಸೀಲನ್ನು ಕೈಯಿಂದ ಬಿಡಿಸಬಹುದು. ಸೊರಗಿದ ಮರಿಗಳನ್ನು ಕೋನಾದ ಆಸ್ಪತ್ರೆಯಲ್ಲಿ ಪೋಷಿಸಿ ಮರಳಿ ಕಡಲಿಗೆ ಬಿಡುತ್ತಿದ್ದಾರೆ. ಈ ಬೆಕ್ಕಿನ ರೋಗದಿಂದ ಸೀಲನ್ನು ಕಾಯಲು ಮಾತ್ರ ಲಸಿಕೆಯಿಲ್ಲ. ಬೆಕ್ಕನ್ನು ಸಾಕುವವರು ಮನೆಯೊಳಗೇ ಸಾಕಬೇಕು, ಬೀದಿಯಲ್ಲಿ ಅನ್ನವಿಡುವುದು ನಿಲ್ಲಬೇಕು.