ರೊಟ್ಟಿ ಬಿಟ್ಟು ಬೆಣ್ಣೆ ಹಿಡಿದವರು: ನಾರ್ವೆಯಿಂದ ನಮ್ಮ ಗಡಿಯವರೆಗೆ



ಕಳೆದ ಸಂಕ್ರಾಂತಿಯ ಎಳ್ಳು-ಬೆಲ್ಲದ ಕೂಟಕ್ಕೆ ಬಂದವರಿಗೆ ಆ ದಿನ ನಡೆದದ್ದು ನೆನಪಿರಬಹುದು. ಗಡಹಿಂಗ್ಲಜ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು, ನಿವೃತ್ತ ಶಿಕ್ಷಕರು, ಭಾವಗೀತೆ ನಡೆದಿರುವಾಗ ಕುರ್ಚಿಯಲ್ಲೇ ಬೆವರಿ ನಡುಗತೊಡಗಿದರು. ಕರೆದರೆ ಮಾತಿಲ್ಲ. ಹೃದಯದ ತೊಂದರೆ ಇರಬೇಕೆಂದು ಎಲ್ಲರೂ ಗಾಬರಿಯಾದೆವು. ಹಿಂದಿನ ಸಾಲಿನಲ್ಲಿದ್ದ ನರ್ಸ್ ತಾಯಿಯೊಬ್ಬರು ಬಂದು ಮೊದಲು ಕೇಳಿದ್ದು, "ಇವರು ಸಕ್ಕರಿ ಗುಳಿಗಿ ತಗೋತಾರೇನ್ರೀ?" ಅಂತ. ಹೌದೆಂದ ಕೂಡಲೇ ಹಂಚಲು ಇಟ್ಟಿದ್ದ ಬೆಲ್ಲವನ್ನೇ ನೀರಿನಲ್ಲಿ ಕದಡಿ ಕುಡಿಸಿದರು. ಹದಿನೈದು ನಿಮಿಷದಲ್ಲಿ ಗುರುಗಳು ಎದ್ದು ಕೂತರು.

ಆಮೇಲೆ ವಿಷಯ ತಿಳಿಯಿತು. ಮೊಬೈಲಿನಲ್ಲಿ ಬಂದ ವಿಡಿಯೋ ನೋಡಿ ಅವರು ಹದಿನೆಂಟು ದಿನದಿಂದ ರೊಟ್ಟಿ, ಅನ್ನ, ಬೆಲ್ಲ ಎಲ್ಲ ಬಿಟ್ಟಿದ್ದರು. ತುಪ್ಪ, ಪನೀರ್, ಕೊಬ್ಬರಿ, ಶೇಂಗಾ ಮಾತ್ರ. ಗುಳಿಗೆಯನ್ನು ಮಾತ್ರ ಮೊದಲಿನ ಪ್ರಮಾಣದಲ್ಲೇ ನುಂಗುತ್ತಿದ್ದರು. ಡಾಕ್ಟರರಿಗೆ ಹೇಳಿರಲಿಲ್ಲ. "ಸ್ವೀಡನ್ ಸರಕಾರನ ಒಪ್ಪೇದ್ರೀ ಕಾರ್ಯದರ್ಶಿಗಳ, ಇನ್ನ ಡಾಕ್ಟರಿಗೇನ ಕೇಳೂದು?" ಎಂದು ನನಗೇ ಕೇಳಿದರು. ಅವರ ಅಪ್ಪಣೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಆಯುಷ್ಯವೆಲ್ಲ ಕಚೇರಿಯಲ್ಲಿ ಕಡತ ನೋಡಿದವನು. ಆದರೆ ಕಡತ ನೋಡಿದವನಿಗೆ ಒಂದು ಚಟ ಇರುತ್ತದೆ. "ಸರಕಾರ ಒಪ್ಪಿದೆ" ಎಂದು ಯಾರಾದರೂ ಹೇಳಿದರೆ ಆದೇಶ ಎಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂದು ಹುಡುಕದೆ ಬಿಡುವುದಿಲ್ಲ. ಹಾಗೆ ಹುಡುಕಿ, ತಿಳಿದವರನ್ನು ಕೇಳಿ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಿಷ್ಟ, ಸಕ್ಕರೆ ಕಡಿಮೆ ಮಾಡಿ ಕೊಬ್ಬು ಹೆಚ್ಚು ತಿನ್ನುವ ಈ ಪದ್ಧತಿ ಸ್ವೀಡನ್ನಿನಲ್ಲಿ ಜೋರು ಹಿಡಿದದ್ದು ಅನಿಕಾ ಡಾಲ್‌ಕ್ವಿಸ್ಟ್ ಎಂಬ ವೈದ್ಯೆಯ ಪ್ರಕರಣದಿಂದ. ಅವರು ತಾವೂ ಹಾಗೆ ಉಂಡು ತೂಕ ಇಳಿಸಿಕೊಂಡು, ಮಧುಮೇಹದ ರೋಗಿಗಳಿಗೂ ಅದನ್ನೇ ಹೇಳುತ್ತಿದ್ದರು. ಆಹಾರತಜ್ಞರು ಅವರ ಮೇಲೆ ದೂರು ಕೊಟ್ಟರು. ಅಲ್ಲಿಯ ಆರೋಗ್ಯ ಮಂಡಳಿ ವಿಚಾರಣೆ ನಡೆಸಿ 2008ರ ಜನವರಿಯಲ್ಲಿ, ತೂಕ ಹೆಚ್ಚಿದವರಿಗೆ ಮತ್ತು ಎರಡನೇ ಬಗೆಯ ಮಧುಮೇಹ ಇದ್ದವರಿಗೆ ಈ ಸಲಹೆ ಕೊಟ್ಟದ್ದು ವಿಜ್ಞಾನಕ್ಕೆ ವಿರುದ್ಧವಲ್ಲ ಎಂದಿತು. ವೈದ್ಯೆ ದೋಷಮುಕ್ತರಾದರು. ಪತ್ರಿಕೆ, ಟಿವಿಗಳಿಗೆ ಅಷ್ಟೇ ಸಾಕಾಯಿತು. ಆಂಡ್ರೆಯಾಸ್ ಈನ್‌ಫೆಲ್ಟ್ ಎಂಬ ಇನ್ನೊಬ್ಬ ವೈದ್ಯರು ಇದನ್ನು ಅಂತರ್ಜಾಲದಲ್ಲಿ ಜಗತ್ತಿಗೇ ಮುಟ್ಟಿಸಿದರು.

ಮುಂದೆ 2013ರಲ್ಲಿ ಸ್ವೀಡನ್ನಿನ ಚಿಕಿತ್ಸಾ ಮೌಲ್ಯಮಾಪನ ಸಂಸ್ಥೆಯ ವರದಿ ಬಂತು. ನಮ್ಮ ಗುರುಗಳು ಹೇಳಿದ "ಸರಕಾರ ಒಪ್ಪಿದೆ" ಎಂಬ ಮಾತಿನ ಮೂಲ ಇದೇ. ಆ ವರದಿ ಇರುವುದು ಸ್ಥೂಲಕಾಯದವರ ಚಿಕಿತ್ಸೆಯ ಬಗ್ಗೆ. ಮೊದಲ ಆರು ತಿಂಗಳು ಪಿಷ್ಟ ಕಡಿಮೆ ಮಾಡಿದವರ ತೂಕ ಹೆಚ್ಚು ಇಳಿಯುತ್ತದೆ, ಆಮೇಲೆ ಬೇರೆ ಪಥ್ಯದವರಿಗೂ ಇವರಿಗೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಅದರಲ್ಲಿದೆ. ದೇಶದ ಜನರೆಲ್ಲ ಬೆಣ್ಣೆ ತಿನ್ನಿರಿ ಎಂದು ಅದು ಹೇಳಲೇ ಇಲ್ಲ. ನಾರ್ಡಿಕ್ ದೇಶಗಳೆಲ್ಲ ಕೂಡಿ ಹೊರಡಿಸುವ ಆಹಾರ ಶಿಫಾರಸಿನಲ್ಲಿ ಆಗಲೂ ಈಗಲೂ ದಿನದ ಶಕ್ತಿಯ ಶೇ. 45ರಿಂದ 60 ಭಾಗ ಪಿಷ್ಟದಿಂದಲೇ ಬರಲಿ ಎಂದಿದೆ. ಟಿಪ್ಪಣಿ ಓದದೆ ಷರಾ ಮಾತ್ರ ಓದಿದರೆ ಹೀಗೇ ಆಗುವುದು.

ಈ ಕಥೆಯಲ್ಲಿ ಗಡಿಯವರಾದ ನಮಗೆ ಹೆಚ್ಚು ರುಚಿಸುವ ಭಾಗ ನಾರ್ವೆಯದು. 2011ರಲ್ಲಿ ಅಲ್ಲಿ ಬೇಸಿಗೆಯಲ್ಲಿ ಮಳೆ ಬಹಳವಾಗಿ ಮೇವು ಕೆಟ್ಟಿತು, ಹಾಲು ಕಡಿಮೆಯಾಯಿತು. ಅದೇ ಹೊತ್ತಿಗೆ ಜನರಿಗೆ ಈ ಕೊಬ್ಬಿನ ಊಟದ ಹುಚ್ಚು ಹಿಡಿದಿತ್ತು. ಅಕ್ಟೋಬರ್ ತಿಂಗಳಲ್ಲಿ ಬೆಣ್ಣೆ ಮಾರಾಟ ಶೇ. 20 ಏರಿತು, ನವೆಂಬರಿನಲ್ಲಿ ಶೇ. 30. ಡಿಸೆಂಬರ್ ಅಂದರೆ ಅವರಿಗೆ ಕ್ರಿಸ್‌ಮಸ್ ಬಿಸ್ಕೀಟು ಮಾಡುವ ಕಾಲ. ಅಂಗಡಿಗಳಲ್ಲಿ ಬೆಣ್ಣೆಯ ಕಪಾಟು ಖಾಲಿ! ಅಲ್ಲಿ ಬೆಣ್ಣೆ ಮಾರುಕಟ್ಟೆಯ ಬಹುಭಾಗ ಟೀನೆ ಎಂಬ ರೈತರ ಸಹಕಾರಿ ಸಂಘದ ಕೈಯಲ್ಲಿದೆ. ನಮ್ಮ ಕೊಲ್ಹಾಪುರದ ಗೋಕುಳ ಸಂಘ ಇದ್ದ ಹಾಗೆ ಎಂದುಕೊಳ್ಳಿರಿ. ಸ್ವದೇಶಿ ರೈತರ ರಕ್ಷಣೆಗೆಂದು ಹೊರಗಿನ ಬೆಣ್ಣೆಗೆ ಕಿಲೋಗೆ 25 ಕ್ರೋನರ್ ಸುಂಕ ಇತ್ತು. ಕೊನೆಗೆ ಸರಕಾರ ಅದನ್ನು 4 ಕ್ರೋನರಿಗೆ ಇಳಿಸಬೇಕಾಯಿತು. ಅಷ್ಟರೊಳಗೆ ಜನ ಗಡಿ ದಾಟಿ ಸ್ವೀಡನ್ನಿಗೆ ಹೋಗಿ ಬೆಣ್ಣೆ ತುಂಬಿಕೊಂಡು ಬರತೊಡಗಿದ್ದರು. ರಶಿಯಾದವನೊಬ್ಬ ಕಾರಿನಲ್ಲಿ 90 ಕಿಲೋ ಬೆಣ್ಣೆ ಇಟ್ಟುಕೊಂಡು ಗಡಿಯಲ್ಲಿ ಸಿಕ್ಕಿಬಿದ್ದ.

ಓದಿ ನಗು ಬಂತು. ಕಾಗಲ ದಾಟಿ ಕೊಗನೋಳಿ ಕಡೆ ಹೋಗಿ ಅಗ್ಗದ ಪೆಟ್ರೋಲ್ ಹಾಕಿಸಿಕೊಂಡು ಬರುವ ನಮಗೆ ಇದೇನು ಹೊಸದು? ಗಡಿ ಎಲ್ಲಿದ್ದರೂ ಗಡಿಯವರ ಬುದ್ಧಿ ಒಂದೇ.

ನಗುವ ವಿಷಯವಲ್ಲದ್ದು ಫಿನ್ಲೆಂಡಿನದು. ರಶಿಯಾ ಗಡಿಗೆ ಹತ್ತಿದ ಉತ್ತರ ಕರೇಲಿಯಾ ಎಂಬ ಪ್ರಾಂತದಲ್ಲಿ 1970ರ ಸುಮಾರಿಗೆ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಜಗತ್ತಿನಲ್ಲೇ ಬಹಳ ಹೆಚ್ಚಿತ್ತು. ಬ್ರೆಡ್ಡಿಗೆ ದಪ್ಪ ಬೆಣ್ಣೆ, ಕೆನೆ ತೆಗೆಯದ ಹಾಲು, ಉಪ್ಪು, ಜೊತೆಗೆ ಸಿಗರೇಟು. ಅಲ್ಲಿಯ ಜನರೇ ಸರಕಾರಕ್ಕೆ ಅರ್ಜಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ಮುಂದಾಳತ್ವದಲ್ಲಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳ ಸಂಘಗಳ ಮೂಲಕ ಅಡುಗೆ ಬದಲಾಯಿಸಿದರು. ಹಾಲಿನ ಮೇಲೆ ಬದುಕಿದ್ದ ರೈತರು ಹಣ್ಣಿನ ಬೆಳೆಗೆ ತಿರುಗಲು ನೆರವು ಕೊಟ್ಟರು. ಮುಂದಿನ ದಶಕಗಳಲ್ಲಿ ಆ ಸಾವುಗಳು ಶೇ. 80ಕ್ಕಿಂತ ಹೆಚ್ಚು ಇಳಿದವು. ಸಿಗರೇಟು ಬಿಟ್ಟದ್ದರ, ರಕ್ತದೊತ್ತಡದ ಔಷಧದ ಪಾಲೂ ಅದರಲ್ಲಿದೆ. ಆದರೆ ದೊಡ್ಡ ಪಾಲು ಕೊಲೆಸ್ಟ್ರಾಲ್ ಇಳಿದದ್ದರದು. ಇತ್ತ ಉತ್ತರ ಸ್ವೀಡನ್ನಿನಲ್ಲಿ ಇಪ್ಪತ್ತೈದು ವರ್ಷಗಳ ತಪಾಸಣೆಯ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿದರು. ಇಳಿಯುತ್ತ ಬಂದಿದ್ದ ಕೊಲೆಸ್ಟ್ರಾಲ್ 2007ರ ನಂತರ ಮತ್ತೆ ಏರಿದೆ, ಊಟದಲ್ಲಿ ಕೊಬ್ಬು ಏರಿದ ಕಾಲವೂ ಅದೇ. ಅಷ್ಟರಲ್ಲಿ ಜನರ ತೂಕವೇನೂ ಇಳಿದಿರಲಿಲ್ಲ.

ಹಾಗಾದರೆ ಇದೆಲ್ಲ ಸುಳ್ಳೇ? ಅಲ್ಲ. ನಾನು ಆ ಪಕ್ಷದವನೂ ಅಲ್ಲ. ನಮ್ಮ ದೇಶದ ಲೆಕ್ಕ ನೋಡಿದರೆ ರೊಟ್ಟಿ-ಅನ್ನದ ಕಡೆಗೆ ಬೊಟ್ಟು ಮಾಡುವವರ ಮಾತಿನಲ್ಲಿ ಹುರುಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ, ಇನ್ನು 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯವರು ನಾವು ತಿನ್ನುವ ಶಕ್ತಿಯ ಶೇ. 62ರಷ್ಟು ಪಿಷ್ಟದಿಂದ ಬರುತ್ತದೆ ಎನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಧಾನ್ಯದ ಪಾಲು ಶೇ. 45 ದಾಟಬಾರದು, ಬೇಳೆಕಾಳು, ಹಾಲು, ತರಕಾರಿ ಹೆಚ್ಚಲಿ ಎಂದಿದೆ. ಅಂದರೆ ಕಡಿಮೆ ಮಾಡಿರಿ ಎಂದರು. ಪೂರ್ತಿ ಬಿಟ್ಟು ತುಪ್ಪ ಕುಡಿಯಿರಿ ಎನ್ನಲಿಲ್ಲ.

ನಮ್ಮ ಮಹಾರಾಷ್ಟ್ರದಲ್ಲಿ 2018ರ ಸುಮಾರಿಗೆ ಮನೆಮನೆಗಳಲ್ಲಿ ನಡೆದ ಜಗಳ ಬೇರೆಯದು. ಡಾ. ಜಗನ್ನಾಥ ದೀಕ್ಷಿತರು ನಾಗಪುರದ ಡಾ. ಶ್ರೀಕಾಂತ ಜಿಚಕಾರರ ವಿಚಾರ ಹಿಡಿದು, ದಿನಕ್ಕೆ ಎರಡೇ ಸಲ, ಒಂದೊಂದು ಸಲ 55 ನಿಮಿಷದೊಳಗೆ ಉಣ್ಣಿರಿ ಎಂದರು. ಮುಂಬಯಿಯ ಋಜುತಾ ದಿವೇಕರ ಅವರು ಸ್ವಲ್ಪ ಸ್ವಲ್ಪ ಹಲವು ಸಲ ಉಣ್ಣಿರಿ, ಅನ್ನ-ತುಪ್ಪಕ್ಕೆ ಹೆದರಬೇಡಿರಿ ಎಂದರು. ನಮ್ಮ ಮನೆಯಲ್ಲಿ ನಾನು ದೀಕ್ಷಿತರ ಕಡೆ, ಮನೆಯವಳು ದಿವೇಕರ ಕಡೆ. ಚಹಾದ ಸಲುವಾಗಿ ನಾನೇ ಸೋತೆ, ಇರಲಿ. ಅದೇ ಕಾಲಕ್ಕೆ ತೆಲುಗು ನಾಡಿನಲ್ಲಿ ವೀರಮಾಚನೇನಿ ರಾಮಕೃಷ್ಣ ಎಂಬವರು ದಿನಕ್ಕೆ 70ರಿಂದ 100 ಗ್ರಾಂ ಕೊಬ್ಬರಿ ಎಣ್ಣೆಯಂಥ ಕೊಬ್ಬು, ಜೊತೆಗೆ ನಿಂಬೆಹಣ್ಣು, ನೀರು ಎಂದು ಹೇಳಿ ಲಕ್ಷಗಟ್ಟಲೆ ಜನರನ್ನು ಸೆಳೆದರು. ನಾರ್ಡಿಕ್ ಪದ್ಧತಿಗೆ ನಮ್ಮಲ್ಲಿ ಹತ್ತಿರದ್ದು ಅದು. ಗುರುಗಳು ನೋಡಿದ ವಿಡಿಯೋ ಎಲ್ಲಿಯದೋ, ಎರಡನ್ನೂ ಕಲಸಿದಂತಿತ್ತು.

ಈಗ ನಮ್ಮ ತಟ್ಟೆಗೆ ಬರೋಣ. ಒಂದು ಜ್ವಾಳದ ರೊಟ್ಟಿಗೆ 50-60 ಗ್ರಾಂ ಹಿಟ್ಟು ಬೇಕು. ಅದರಲ್ಲಿ 35-40 ಗ್ರಾಂ ಪಿಷ್ಟ. ಕಟ್ಟುನಿಟ್ಟಿನ ಪದ್ಧತಿಯವರು ಇಡೀ ದಿನಕ್ಕೆ ಕೊಡುವುದು 20ರಿಂದ 50 ಗ್ರಾಂ. ಒಂದು ರೊಟ್ಟಿಗೆ ದಿನದ ಖಾತೆ ಮುಗಿಯಿತು. ಇಚಲಕರಂಜಿಯಲ್ಲಿ ಹನ್ನೆರಡು ತಾಸು ಪವರ್‌ಲೂಮ್ ಮುಂದೆ ನಿಲ್ಲುವವನು ಡಬ್ಬಿಯಲ್ಲಿ ನಾಲ್ಕು ಭಾಕರಿ, ಝುಣಕ ಒಯ್ಯುತ್ತಾನೆ. ಅವನಿಗೆ ಪನೀರ್, ಬೆಣ್ಣೆ ತಿನ್ನು ಎಂದರೆ ಪಗಾರ ಎಲ್ಲಿ ಸಾಲಬೇಕು? ನಮ್ಮಲ್ಲಿ ಲಿಂಗಾಯತರು, ಜೈನರು ಬಹಳ, ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಸ್ವೀಡನ್ನಿನವರಿಗೆ ಮೀನು ಇದೆ, ನಮಗೆ ಉಳಿಯುವುದು ತುಪ್ಪ, ಕೊಬ್ಬರಿ. ಇನ್ನು ಈ ಜಿಲ್ಲೆಯ ಬದುಕೇ ಕಬ್ಬು. ಕೊಲ್ಹಾಪುರಿ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸುಳಕೂಡದ ದೂಧಗಂಗೆಯ ನೀರು ಇಚಲಕರಂಜಿಗೆ ಹೋಗಬೇಕೋ ಬೇಡವೋ ಎಂದು ಇಷ್ಟು ವರ್ಷ ಜಗಳ ನಡೆದಿರುವುದಕ್ಕೂ ಮೂಲ ಆ ಕಬ್ಬೇ ಅಲ್ಲವೇ? ಕರೇಲಿಯಾದವರು ರೈತನಿಗೆ ಬೇರೆ ಬೆಳೆ ತೋರಿಸಿದ ಮೇಲೆ ಬೆಣ್ಣೆ ಬಿಡಿಸಿದರು. ನಮ್ಮಲ್ಲಿ ಸಕ್ಕರೆ ಬಿಡಿರಿ ಎನ್ನುವವರು ಆ ಮಾತು ಎತ್ತುವುದೇ ಇಲ್ಲ.

ಆದರೆ ನಮ್ಮ ಹಳೆಯ ಊಟದಲ್ಲಿ ಇದ್ದದ್ದೇನು? ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ, ಕಾಲು ಭಾಗ ಪ್ರೋಟೀನು. ಮಡಕಿಕಾಳು ಉಸಳಿ, ಮಜ್ಜಿಗೆ, ಮೆಂತೆ ಸೊಪ್ಪು. ರೊಟ್ಟಿ ಎರಡಕ್ಕೆ ನಿಲ್ಲಿಸಿ ಇವನ್ನು ಹೆಚ್ಚಿಸಿದರೆ ಮಾರ್ಗಸೂಚಿಯ ಹತ್ತಿರವೇ ಬರುತ್ತೇವೆ. ಸ್ವೀಡನ್ನಿನವರನ್ನು ಕೇಳುವ ಕಾರಣವಿಲ್ಲ.

ಗುರುಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಅವರ ಡಾಕ್ಟರರು ಹೇಳಿದ್ದಿಷ್ಟು. ಸಕ್ಕರೆ ಇಳಿಸುವ ಕೆಲವು ಗುಳಿಗೆ ಮತ್ತು ಇನ್ಸುಲಿನ್, ನೀವು ಉಣ್ಣುವ ರೊಟ್ಟಿಯನ್ನು ಲೆಕ್ಕಕ್ಕೆ ಹಿಡಿದೇ ಬರೆದುಕೊಟ್ಟಿದ್ದು. ರೊಟ್ಟಿ ಬಿಟ್ಟು ಗುಳಿಗೆ ಅಷ್ಟೇ ಇಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಮೂತ್ರದ ದಾರಿಯಲ್ಲಿ ಸಕ್ಕರೆ ಹೊರಹಾಕುವ ಹೊಸ ಗುಳಿಗೆಗಳಲ್ಲಿ ಅಪಾಯ ಇನ್ನೊಂದು ಬಗೆಯದು, ರಕ್ತದಲ್ಲಿ ಆಮ್ಲ ಏರುತ್ತದೆ, ಸಕ್ಕರೆ ಸರಿ ಇದ್ದಂತೆ ತೋರುವುದರಿಂದ ತಡವಾಗಿ ಗೊತ್ತಾಗುತ್ತದೆ. ಈಗ ಗುರುಗಳು ಅದೇ ಡಾಕ್ಟರರ ಕೈಕೆಳಗೆ ಊಟದಲ್ಲಿ ಪಿಷ್ಟ ಕಡಿಮೆ ಮಾಡಿ, ಗುಳಿಗೆ ಅರ್ಧಕ್ಕೆ ಇಳಿಸಿಕೊಂಡಿದ್ದಾರೆ. ಎರಡು ಹೊತ್ತೂ ಒಂದೊಂದು ರೊಟ್ಟಿ ಇದೆ. "ನನ್ನ ಹಾದಿ ತಪ್ಪಿರಲಿಲ್ಲರೀ, ಒಬ್ಬನ ಹೊಂಟಿದ್ದು ತಪ್ಪು" ಎನ್ನುತ್ತಾರೆ. ನಾನು ವಾದ ಮಾಡಲಿಲ್ಲ.

ಈ ಎಲ್ಲದರ ನಂತರ ಕಾರ್ಯಕಾರಿ ಸಮಿತಿಯಲ್ಲಿ ರಾಜ್ಯೋತ್ಸವದ ಊಟದ ಬಗ್ಗೆ ಮಾತು ಬಂತು. ಸಿಹಿ ಬೇಡ ಎಂದು ಕೆಲವರು, ಹೋಳಿಗೆ ಇಲ್ಲದೆ ರಾಜ್ಯೋತ್ಸವವೇ ಎಂದು ಹಲವರು. ಒಂದೂವರೆ ತಾಸು ನಡೆದು ಆದ ತೀರ್ಮಾನ ಇದು: ಹೋಳಿಗೆ ಒಂದೊಂದು, ಕೇಳಿದವರಿಗೆ ಮಾತ್ರ. ಅನ್ನ ಕೊನೆಗೆ. ಜ್ವಾಳದ ರೊಟ್ಟಿ, ಎಣ್ಣೆಗಾಯಿ, ಉಸಳಿ, ಝುಣಕ, ಹಿಂಡಿ, ಮೊಸರು ಮೊದಲು. ಊಟಕ್ಕೆ ಮುಂಚೆ ಬಾಗಿಲಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ನೋಡುವ ಮೇಜು ಇರುತ್ತದೆ, ಹಣ ಕೊಡಬೇಕಿಲ್ಲ. ಬರುವಾಗ ನಿಮ್ಮ ಗುಳಿಗೆಯ ಚೀಟಿ ಜೇಬಿನಲ್ಲಿರಲಿ. ಹೊಸ ಪಥ್ಯ ಶುರು ಮಾಡಿದವರು ಮೊದಲೇ ನನಗೆ ಅಥವಾ ನಿಮ್ಮ ಊರಿನ ಪ್ರತಿನಿಧಿಗೆ ಹೇಳಿಡಿರಿ. ಆ ಮೇಜಿನ ಮೇಲೆ ಬೆಲ್ಲದ ಡಬ್ಬಿಯೂ ಇಟ್ಟಿರುತ್ತೇವೆ.